ಐದನೇ ರೀಲಿನ ನಗು

ನಮ್ಮೂರಿನ ಟಾಕೀಸಿನಲ್ಲಿರುವುದು ಮೂರೇ ಚಿತ್ರ. ಒಂದು ರಾಕೆಟ್ಟಿನದು, ಒಂದು ಒಕ್ಕಣ್ಣಿನ ದೈತ್ಯನದು, ಇನ್ನೊಂದು ಹಿಂದಕ್ಕೆ ಓಡುವ ಗಡಿಯಾರದ್ದು. ಇವುಗಳ ನಿಜವಾದ ಹೆಸರೇನು, ಯಾವ ದೇಶದವರು ತೆಗೆದರು, ಒಳಗಿನವರು ಆಡುವ ಭಾಷೆ ಯಾವುದು ಎಂದು ಕೇಳಿದರೆ ಊರಲ್ಲಿ ಒಬ್ಬರೂ ಹೇಳಲಾರರು. ಕೇಳುವವರೂ ಇಲ್ಲ ಬಿಡಿ. ಅಜ್ಜಂದಿರ ಕಾಲದಿಂದ ದಿನಾ ಮಧ್ಯಾಹ್ನ ಎರಡೂವರೆಗೆ ಗಂಟೆ ಹೊಡೆಯುತ್ತದೆ, ಜನ ಬಂದು ಕೂರುತ್ತಾರೆ, ಇನ್ನೂರು ಸಲ ನೋಡಿದ ಚಿತ್ರವನ್ನು ಇನ್ನೂರ ಒಂದನೇ ಸಲ ನೋಡುತ್ತಾರೆ. ಮಂಗಳವಾರ ಮಾತ್ರ ರಜೆ. ಬೇರೆ ಊರಿನವರು ಇದನ್ನು ಹುಚ್ಚು ಎಂದಾರು. ಇಲ್ಲಿ ಹಾಗನ್ನುವಂತಿಲ್ಲ, ಯಾಕೆಂದರೆ ನಿನ್ನೆ ನೋಡಿದ ಚಿತ್ರ ಇವತ್ತು ಹಾಗೇ ಇರುವುದಿಲ್ಲ. ಪ್ರತಿ ಆಟಕ್ಕೂ ಅದು ನೋಡುವವರಲ್ಲಿ ಯಾರೋ ಒಬ್ಬರಿಂದ ಏನಾದರೂ ಒಂದನ್ನು ತೆಗೆದುಕೊಳ್ಳುತ್ತದೆ.

ದೊಡ್ಡದೇನೂ ಅಲ್ಲ. ಒಬ್ಬನ ಆಕಳಿಕೆ, ಒಬ್ಬಳು ಸೆರಗು ಸಿಕ್ಕಿಸಿಕೊಳ್ಳುವ ರೀತಿ, ಇನ್ನೊಬ್ಬ ಮೆಟ್ಟಿಲಿಳಿಯುವಾಗ ಮಂಡಿ ಮೇಲೆ ಕೈ ಊರುವ ಅಭ್ಯಾಸ, ಹಸುವನ್ನು ಕರೆಯುವ ಸದ್ದು. ಆ ಹೊತ್ತಿಗೆ ತಿಳಿಯುವುದಿಲ್ಲ. ಮನೆಗೆ ಹೋಗಿ ಕಾಫಿ ಕುಡಿಯಲು ಕೂತಾಗ ಹೆಂಡತಿ, "ಇದೇನ್ರೀ, ಲೋಟ ಹೀಗೆ ಹಿಡ್ಕೊಂಡಿದ್ದೀರಿ?" ಎನ್ನುತ್ತಾಳೆ. ಅಷ್ಟೇ, ಹೋಗಿದೆ ಅಂತ ಅರ್ಥ. ಮಾರನೆಯ ದಿನ ನೋಡಿದರೆ ಪರದೆಯ ಮೇಲೆ ರಾಕೆಟ್ಟಿನ ಸಿಪಾಯಿಯೊಬ್ಬ ಥೇಟು ನಿಮ್ಮ ಹಾಗೆ ಲೋಟದ ಕಂಠಕ್ಕೆ ಎರಡು ಬೆರಳು ಹಾಕಿ ಹಿಡಿದಿರುತ್ತಾನೆ. ಹೀಗೆ ಒಂದೊಂದಾಗಿ ಹೋಗಿ ಹೋಗಿ ಈಗ ನಮ್ಮ ದೈತ್ಯ ಮನುಷ್ಯರನ್ನು ತಿನ್ನುವ ಮುಂಚೆ ಎಲೆಯ ಸುತ್ತ ನೀರು ಕಟ್ಟುತ್ತಾನೆ. ರಾಕೆಟ್ಟಿನ ಕ್ಯಾಪ್ಟನ್ ಒಳಗೆ ಕಾಲಿಡುವಾಗ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ನೀರನ್ನು ಅವರ್ಯಾರೂ ಕಚ್ಚಿ ಕುಡಿಯುವುದಿಲ್ಲ, ಎತ್ತಿಯೇ ಕುಡಿಯುತ್ತಾರೆ.

ಜನ ಇದಕ್ಕೆ ಹೊಂದಿಕೊಂಡು ಬಾಳುತ್ತಿದ್ದಾರೆ. ಬೇಡವಾದದ್ದನ್ನು ಕಳೆದುಕೊಳ್ಳಲೆಂದೇ ಬರುವವರೂ ಇದ್ದರು. ತೊದಲುವ ಒಬ್ಬ ಮೇಷ್ಟ್ರು ಮೂರು ವರ್ಷ ಮುಂದಿನ ಸಾಲಿನಲ್ಲಿ ಕೂತರು. ಚಿತ್ರ ಅವರ ತೊದಲನ್ನು ಮೂಸಿಯೂ ನೋಡಲಿಲ್ಲ, ಅವರು ಸೊಗಸಾಗಿ ಹಾಕುತ್ತಿದ್ದ ಸಿಳ್ಳೆಯನ್ನು ಎತ್ತಿಕೊಂಡಿತು. ಪಾಪ, ಅಂದಿನಿಂದ ಅವರು ಚಿತ್ರವನ್ನು ತೊದಲುತ್ತಲೇ ಬಯ್ಯುತ್ತಾರೆ. ಸತ್ತವರ ವಿಷಯ ಮಾತ್ರ ಬೇರೆ. ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನದ ಕರ್ಮ ಮುಗಿಸಿ ಮನೆಯವರೆಲ್ಲ ಟಾಕೀಸಿಗೆ ಬರುತ್ತಾರೆ. ಅವರಿಗೆಂದು ಮುಂದಿನ ಸಾಲು ಬಿಡುತ್ತೇವೆ. ಹೋದವರದ್ದು ಏನೋ ಒಂದು ಅಲ್ಲಿ ಓಡಾಡುತ್ತಿರುತ್ತದಲ್ಲ, ಅದನ್ನು ನೋಡಿಕೊಂಡು ಹೋಗುತ್ತಾರೆ. ಆಮೇಲೂ ಕೆಲವರು ವಾರಕ್ಕೊಮ್ಮೆ ತಪ್ಪದೆ ಬರುತ್ತಾರೆ. ಯಾವುದನ್ನು ನೋಡಲು ಬಂದಿರಿ ಎಂದು ಅವರನ್ನು ಯಾರೂ ಕೇಳಬಾರದು. ಕೇಳುವವರನ್ನು ಊರಲ್ಲಿ ಮನುಷ್ಯರ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ನಾನು ಮರಿಸ್ವಾಮಿ. ಹನ್ನೆರಡು ವರ್ಷದ ಕೆಳಗೆ ಈ ಊರಿಗೆ ಕೆಲಸಕ್ಕೆ ಬಂದು ಅಳಿಯನಾಗಿ ಉಳಿದವನು. ಫಿಲಂ ಹರಿದರೆ ಅಂಟಿಸುವುದು ನನ್ನ ಕೆಲಸ, ಯಂತ್ರ ಓಡಿಸುವುದು ಮಸ್ತಾನ್ ಸಾಬರದು. ಹಳೇ ಫಿಲಂ ಅಂದರೆ ಹಪ್ಪಳವೇ ಸರಿ, ಮುಟ್ಟಿದರೆ ಚಟ್ಟೆನ್ನುತ್ತದೆ. ಹರಿದ ಎರಡೂ ತುದಿಯನ್ನು ಬ್ಲೇಡಿನಲ್ಲಿ ನೇರ ಮಾಡಿ, ಹೆರೆದು, ಅಂಟು ಬಳಿದು, ಒತ್ತಿ ಹಿಡಿಯಬೇಕು. ನಾನು ಬಂದ ಮೊದಲ ದಿನವೇ ಸಾಬರು ಹೇಳಿದ್ದರು, "ನೋಡು ಮರಿ, ಹರಿದದ್ದನ್ನ ಅಂಟಿಸು. ಅದಾಗೇ ಹರಿಯದೆ ನೀನಾಗಿ ಬ್ಲೇಡು ಇಡಬೇಡ. ಅದರೊಳಗೆ ಯಾರ್ ಯಾರದ್ದೋ ಇರುತ್ತೆ." ಹೂಂ ಎಂದಿದ್ದೆ. ಹೂಂ ಎನ್ನುವುದಕ್ಕೇನು ಖರ್ಚು?

ಸಾಬರು ಇನ್ನೊಂದು ಸಂಗತಿಯನ್ನೂ ಹೇಳಿದ್ದರು, ಅದೇ ನನ್ನ ತಲೆ ಕೆಡಿಸಿದ್ದು. ನನಗೂ ಮುಂಚೆ, ಕ್ಷೌರದ ಹನುಮಯ್ಯ ಎಂಬವನು ಮಾತು ಮಾತಿಗೂ ಚಿಟಿಕೆ ಹೊಡೆಯುತ್ತಿದ್ದನಂತೆ. ಆ ಚಿಟಿಕೆ ದೈತ್ಯನ ಚಿತ್ರಕ್ಕೆ ಹೋಗಿ ಹದಿನಾಲ್ಕು ವರ್ಷವಾಗಿತ್ತು. ಒಂದು ದಿನ ಫಿಲಂ ಸರಿಯಾಗಿ ಅದೇ ಜಾಗದಲ್ಲಿ ಹರಿಯಿತು. ನುಜ್ಜಾದ ಚಿತ್ರದ ಚೌಕಗಳನ್ನು ತೆಗೆದುಹಾಕಿ ಅಂಟಿಸಿದರು. ಅದೇ ಸಂಜೆ ಹನುಮಯ್ಯ ಯಾರದೋ ಗಡ್ಡ ಕೆರೆಯುತ್ತಾ ಚಟ್ಟನೆ ಚಿಟಿಕೆ ಹೊಡೆದನಂತೆ. ಕತ್ತರಿಸಿ ತೆಗೆದದ್ದು ತನ್ನ ಧಣಿಯನ್ನು ಹುಡುಕಿಕೊಂಡು ಹೋಗುತ್ತದೆ, ಸಾಬರು ಹೇಳಿದ್ದು ಅಷ್ಟೇ.

ಈಗ ನನ್ನ ಹೆಂಡತಿಯ ವಿಷಯ ಹೇಳಬೇಕು. ಚಂಪಾವತಿ ಈ ಊರಿನವಳೇ, ಹೂವಿನ ಬೀದಿಯವಳು. ಮದುವೆಯಾದ ಮೊದಲ ಮೂರು ವರ್ಷ ನಮ್ಮ ಮನೆಯಲ್ಲಿ ನಗು ಹೇಗಿತ್ತೆಂದರೆ, ಪಕ್ಕದ ಮನೆಯವರು ಗೋಡೆ ಬಡಿದು, "ಏನಮ್ಮಾ ಅದು, ನಮಗೂ ಹೇಳು" ಎನ್ನುತ್ತಿದ್ದರು. ಬಸುರಿಯಾಗಿದ್ದಾಗ ಒಂದು ಶುಕ್ರವಾರ ರಾಕೆಟ್ಟಿನ ಚಿತ್ರಕ್ಕೆ ಬಂದಳು. ಸಂಜೆ ನಾನು ಒಲೆಯ ಮುಂದೆ ಜಾರಿ ಹಿಟ್ಟಿನ ಡಬ್ಬ ತಲೆ ಮೇಲೆ ಕವುಚಿಕೊಂಡೆ. ಬೇರೆ ದಿನವಾಗಿದ್ದರೆ ಉರುಳಾಡಿ ನಕ್ಕಿರುತ್ತಿದ್ದಳು. ಅವತ್ತು ನನ್ನ ಮುಖ ನೋಡಿ, ಬಾಯಿ ತೆರೆದು, ಮುಚ್ಚಿ, ಕೊನೆಗೆ, "ನಗು ಬಂತು," ಎಂದಳು. ಅಷ್ಟೇ. ಬಾಯಿಮಾತಿನಲ್ಲಿ.

ಅಂದಿನಿಂದ ಅವಳು ನಗುವುದೇ ಹಾಗೆ. ಮುಗುಳುನಗೆ ಉಂಟು, ಕೋಪ ಉಂಟು, ಅಳು ಉಂಟು. ನಗಬೇಕಾದ ಜಾಗದಲ್ಲಿ ಮಾತ್ರ, "ನಗು ಬಂತು." ಒಂದು ವಾರ ಟಾಕೀಸಿಗೆ ಹೋಗಿ ಹುಡುಕಿದಳು. "ಸಿಕ್ಕಿತಾ?" ಎಂದೆ. "ಸಿಕ್ಕಿತು." "ಯಾರ ಹತ್ರ ಇದೆ?" "ನೀವೇ ಹುಡುಕಿ, ನೋಡೋಣ." ನಾನೂ ಎರಡು ದಿನ ಕೂತು ಹುಡುಕಿದೆ. ಐದನೇ ರೀಲಿನಲ್ಲಿ ಗಾಜಿನ ಪಟ್ಟಣದ ರಾಣಿ, ಭೂಮಿಯಿಂದ ಬಂದ ಮೂವರು ಗಡ್ಡದವರನ್ನು ಮೊದಲ ಸಲ ನೋಡಿದಾಗ ನಗುತ್ತಾಳೆ. ಮೊದಲು ಸದ್ದಿಲ್ಲದೆ ಭುಜ ಕುಲುಕುತ್ತದೆ, ಆಮೇಲೆ ಬಿಕ್ಕಳಿಕೆಯಂಥ ಸದ್ದೊಂದು, ಆಮೇಲೆ ತಡೆಯಲಾರದೆ ಗಂಟಲು ಬಿಟ್ಟು. ಎಲ್ಲ ಸೇರಿ ನಾಲ್ಕು ಸೆಕೆಂಡು. ಮನೆಗೆ ಓಡಿಬಂದು, "ರಾಣಿ ಹತ್ರ ತಾನೇ?" ಎಂದೆ. ಚಂಪಾ ನನ್ನನ್ನು ಒಮ್ಮೆ ನೋಡಿ, ಉಕ್ಕುತ್ತಿದ್ದ ಹಾಲು ಇಳಿಸಲು ಒಳಗೆ ಹೋದಳು.

ಒಂಬತ್ತು ವರ್ಷ ಆ ನಾಲ್ಕು ಸೆಕೆಂಡನ್ನು ನೋಡಿದೆ. ರಾಕೆಟ್ಟಿನ ಚಿತ್ರ ಇದ್ದ ದಿನವೆಲ್ಲ ಐದನೇ ರೀಲಿಗೆ ಸರಿಯಾಗಿ ಕ್ಯಾಬಿನ್ನಿನ ಕಿಂಡಿಗೆ ಮುಖ ಒತ್ತಿ ನಿಲ್ಲುತ್ತಿದ್ದೆ. ನನ್ನ ಹೆಂಡತಿಯ ನಗು ಗಾಜಿನ ಸಿಂಹಾಸನದ ಮೇಲೆ ಕೂತಿದೆ ಎಂದು ಒಂದು ಥರ ಜಂಬವೂ ಇತ್ತು. ಹಾಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಮಗಳು ವನಮಾಲೆಗೆ ಎಂಟು ತುಂಬಿದಾಗ ಒಂದು ದಿನ ಅವಳ ಗೆಳತಿಯರು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದರು. ಒಬ್ಬಳು ದಬಕ್ಕನೆ ಬಿದ್ದು ಎದ್ದಳು, ಎಲ್ಲ ಹುಡುಗಿಯರೂ ಕಿಲಕಿಲ ಎಂದರು. ನನ್ನ ಮಗಳು ಅವರ ಮಧ್ಯೆ ನೆಟ್ಟಗೆ ನಿಂತು, ಮುಖದಲ್ಲಿ ಒಂದು ಗೆರೆಯೂ ಅಲುಗದೆ, "ನಗು ಬಂತು," ಎಂದಳು. ಅವಳು ಹುಟ್ಟಿದಾಗಿನಿಂದ ಮನೆಯಲ್ಲಿ ಕಂಡದ್ದು ಅದೊಂದೇ ನಗು. ಹುಡುಗಿಯರು ಹೆದರಿ ಒಬ್ಬೊಬ್ಬರೇ ಮನೆಗೆ ಹೋದರು. ಇನ್ನು ಸಾಕು, ಚಂಪಾಳ ನಗುವನ್ನು ಮನೆಗೆ ತರಲೇಬೇಕು ಎಂದು ಅವತ್ತೇ ನಿಶ್ಚಯಿಸಿದೆ.

ಮಂಗಳವಾರ ರಜೆಯ ದಿನ, ನಡು ಮಧ್ಯಾಹ್ನ, ಸಾಬರು ನಮಾಜಿಗೆ ಹೋಗಿದ್ದಾಗ ಐದನೇ ರೀಲನ್ನು ಡಬ್ಬದಿಂದ ತೆಗೆದೆ. ತಿಳಿಯದವನು ರಾಣಿ ಬಾಯಿ ತೆರೆಯುವ ಚೌಕಕ್ಕೇ ಬ್ಲೇಡು ಇಡುತ್ತಾನೆ. ಹಾಗೆ ಮಾಡಿದರೆ ಬಾಯಿ ಬರುತ್ತದೆ, ದನಿ ಪೂರ್ತಿ ಬರುವುದಿಲ್ಲ. ಫಿಲಂನ ಅಂಚಿನಲ್ಲಿ ಓಡುವ ಸದ್ದಿನ ಗೆರೆ ಚಿತ್ರಕ್ಕಿಂತ ಇಪ್ಪತ್ತು ಚೌಕ ಮುಂದಿರುತ್ತದೆ. ನಾನು ಇಪ್ಪತ್ತು ಚೌಕ ಮೊದಲೇ ಇಟ್ಟೆ. ನೂರ ಹದಿನಾರು ಚೌಕ, ನನ್ನ ಒಂದು ಮಾರಿಗಿಂತ ಚೂರು ಜಾಸ್ತಿ ಉದ್ದ. ಕತ್ತರಿಸಿದ್ದನ್ನು ಸುರುಳಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡೆ, ಉಳಿದ ತುದಿಗಳನ್ನು ಅಂಟಿಸಿದೆ. ಕಳ್ಳತನ ಅನ್ನಿಸಲಿಲ್ಲ ನೋಡಿ, ನನ್ನ ಮನೆಯದನ್ನು ನಾನು ತೆಗೆದುಕೊಂಡೆ ಅನ್ನಿಸಿತು.

ಮನೆಗೆ ಹೋಗಿ ಕಾಯುತ್ತಾ ಕೂತೆ. ಸಂಜೆಗೆ ಚಂಪಾಳ ಮುಂದೆ ಕೋತಿಯ ಹಾಗೆ ಕುಣಿದೆ, ಮಗಳ ಲಂಗವನ್ನು ತಲೆಗೆ ಸುತ್ತಿಕೊಂಡು ಬಂದೆ. ಅವಳು ಕಾಯಿ ತುರಿಯುವುದನ್ನು ನಿಲ್ಲಿಸಿ, "ಏನಾಗಿದೆ ನಿಮಗೆ ಇವತ್ತು?" ಎಂದಳು, ಆಮೇಲೆ ಕನಿಕರಕ್ಕೆ ಎಂಬಂತೆ, "ನಗು ಬಂತು ಬಿಡಿ," ಎಂದಳು. ಚಿಟಿಕೆ ಸಣ್ಣದು, ಬೇಗ ಬಂತು, ನಗು ದೊಡ್ಡದು, ದಾರಿ ಹಿಡಿಯಲು ಹೊತ್ತಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಗಿ ಬಿಚ್ಚಿ ಸುರುಳಿ ತೆಗೆದು ದೀಪಕ್ಕೆ ಹಿಡಿದು ನೋಡಿದೆ. ರಾಣಿಯೂ ಇಲ್ಲ, ಸಿಂಹಾಸನವೂ ಇಲ್ಲ. ನೂರ ಹದಿನಾರು ಚೌಕವೂ ತೊಳೆದಿಟ್ಟ ಹಾಗೆ ಖಾಲಿ, ಅಂಚಿನ ಸದ್ದಿನ ಗೆರೆಯೂ ಅಳಿಸಿಹೋಗಿತ್ತು. ಹೊರಟಿದೆ ಎಂದು ಖುಷಿಪಟ್ಟೆ ನಾನು, ಮುಟ್ಠಾಳ.

ಬುಧವಾರ ಬೆಳಗ್ಗೆ ಹಾಲು ಹಾಕುವವಳು ಸುದ್ದಿ ತಂದಳು. ಹೂವಿನ ಬೀದಿಯ ದೇವೀರಮ್ಮನ ಮನೆಯಲ್ಲಿ ಯಾರೋ ನಗುತ್ತಿದ್ದಾರಂತೆ. ದೇವೀರಮ್ಮ ಹೂ ಕಟ್ಟಿ ಮಾರುವ ಒಂಟಿ ಮುದುಕಿ. ಅವಳ ಒಬ್ಬಳೇ ಮಗಳು ನೀಲವೇಣಿ, ನಾನು ಈ ಊರಿಗೆ ಬರುವ ಹಿಂದಿನ ವರ್ಷ, ಇಪ್ಪತ್ತರ ವಯಸ್ಸಿನಲ್ಲಿ ಜ್ವರ ಬಂದು ಹೋದವಳು. ಮುದುಕಿ ಪ್ರತಿ ಸೋಮವಾರ ತಪ್ಪದೆ ರಾಕೆಟ್ಟಿನ ಚಿತ್ರಕ್ಕೆ ಬರುತ್ತಿದ್ದಳು. ಅರಮನೆಯ ದಾಸಿಯೊಬ್ಬಳು ಗಾಜಿನ ಮಣಿಗಳನ್ನು ಥೇಟು ಮಲ್ಲಿಗೆ ಕಟ್ಟುವ ಹಾಗೆ ಕಾಲ್ಬೆರಳಿಗೆ ದಾರ ಸಿಕ್ಕಿಸಿ ಕಟ್ಟುತ್ತಾಳೆ, ಅದು ನೀಲವೇಣಿಯದು ಎಂದು ಊರಿಗೆಲ್ಲ ಗೊತ್ತಿತ್ತು. ಮುದುಕಿ ಬರುವುದು ಅದಕ್ಕೇ ಎಂದು ನಾನು ತಿಳಿದಿದ್ದೆ. ಕೇಳುವಂತಿರಲಿಲ್ಲವಲ್ಲ.

ಹಾಲಿನವಳ ಮಾತು ಮುಗಿಯುವುದರೊಳಗೆ ನಾನು ಚಪ್ಪಲಿ ಮೆಟ್ಟಿದ್ದೆ. ದೇವೀರಮ್ಮನ ಬಾಗಿಲ ಮುಂದೆ ಹತ್ತಾರು ಜನ ಸೇರಿದ್ದರು, ಯಾರೂ ಒಳಗೆ ಹೋಗಿರಲಿಲ್ಲ. ಒಳಗೆ ಮುದುಕಿ ಎರಡು ತಟ್ಟೆ ಹಾಕಿಕೊಂಡು ಕೂತಿದ್ದಳು. ಎದುರಿನ ತಟ್ಟೆಯ ಹಿಂದೆ ಯಾರೂ ಇರಲಿಲ್ಲ. ನಾನು ಹೊಸ್ತಿಲ ಮೇಲೆ ಕಾಲಿಟ್ಟೆ, ಆಗ ಆ ಖಾಲಿ ಜಾಗದಿಂದ, ಕೂತ ಹೆಂಗಸಿನ ಬಾಯಿ ಎಲ್ಲಿರುತ್ತದೋ ಅಷ್ಟೇ ಎತ್ತರದಿಂದ, ಬಿಕ್ಕಳಿಕೆಯಂಥ ಸದ್ದೊಂದು ಬಂತು, ಆಮೇಲೆ ಗಂಟಲು ಬಿಟ್ಟ ನಗು. ನಾಲ್ಕು ಸೆಕೆಂಡು. ಒಂಬತ್ತು ವರ್ಷ ಕಿಂಡಿಗೆ ಮುಖ ಒತ್ತಿ ಕೇಳಿದ ನಗು ಅದೇ.

"ನನ್ ಮಗ್ಳು ಬಂದವ್ಳೆ ಕಣಪ್ಪ ಮರಿಸಾಮಿ," ಎಂದಳು ದೇವೀರಮ್ಮ. ಕಣ್ಣಿಂದ ನೀರು ಸುರಿಯುತ್ತಿತ್ತು. "ಹದಿಮೂರು ವರ್ಸ ಅಲ್ಲಿ ಹೋಗಿ ದೂರದಿಂದ ನೋಡ್ಕೊಂಡು ಬತ್ತಿದ್ದೆ. ನಿನ್ನೆ ಸಂಜೆ ತಾನಾಗೇ ಮನೆಗೆ ಬಂದವ್ಳೆ. ನೋಡು, ಹೆಂಗೆ ನಗ್ತಾಳೆ!"

ನಾನು ತಿರುಗಿ ಬಂದೆ. ಅವಳ ಸಂತೋಷ ನೋಡಿ, ತಪ್ಪಾಗಿ ಮಾಡಿದರೂ ಒಬ್ಬರಿಗೆ ಒಳ್ಳೆಯದೇ ಆಯಿತಲ್ಲ ಎಂದು ಎರಡು ದಿನ ಮನಸ್ಸಿಗೆ ಎಣ್ಣೆ ಹಚ್ಚಿಕೊಂಡೆ. ಶುಕ್ರವಾರ ರಾಕೆಟ್ಟಿನ ಚಿತ್ರ ಬಂತು. ಐದನೇ ರೀಲಿನಲ್ಲಿ ರಾಣಿ ಗಡ್ಡದವರನ್ನು ನೋಡಿದಳು, ಚಿತ್ರ ಒಂದು ಸಲ ತಟ್ಟಾಡಿತು, ಮರುಕ್ಷಣವೇ ಅವಳು ಎದ್ದು ನಡೆಯುತ್ತಿದ್ದಳು. ಸಾಬರು ಯಂತ್ರದ ಮೇಲಿಂದ ಕೈ ತೆಗೆಯದೆ ನನ್ನನ್ನು ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. "ಧಣಿ ಬದುಕಿದ್ದರೆ ಅದು ಹೋಗಿ ಸೇರುತ್ತೆ ಮರಿ," ಎಂದರು ಮೆಲ್ಲಗೆ. "ಇಲ್ಲದಿದ್ದರೆ ಎಲ್ಲಿ ಸೇರಬೇಕು ಅದು?"

ಶನಿವಾರ ದೇವೀರಮ್ಮ ನಮ್ಮ ಮನೆಗೇ ಬಂದಳು. ನಾಲ್ಕೇ ದಿನದಲ್ಲಿ ಇಳಿದುಹೋಗಿದ್ದಳು, ಹಣೆಯ ಮೇಲೆ ಗಾಯ ಇತ್ತು. ಕೂರು ಎಂದರೂ ಕೂರಲಿಲ್ಲ.

"ಅದು ನಗೋದೊಂದೇ ಕಣಪ್ಪ," ಎಂದಳು. "ಮಾತಾಡ್ಸಿದ್ರೆ ಮಾತಿಲ್ಲ. ಊಟ ಮಾಡು ಅಂದ್ರೆ ನಗ್ತದೆ. ಅವ್ಳಪ್ಪನ್ನ ನೆನೆಸ್ಕೊಂಡು ಅತ್ರೆ ನಗ್ತದೆ. ನಿನ್ನೆ ಬಚ್ಚಲಲ್ಲಿ ಜಾರಿ ಬಿದ್ದೆ, ರಕ್ತ ಬಂತು. ತಲೆ ಪಕ್ಕಾನೇ ಕೂತು ನಕ್ತು. ಒಂದೇ ಥರ, ಅಷ್ಟೇ ಹೊತ್ತು, ಮುಗೀತಿದ್ದಂಗೆ ಒಂದು ಗಳಿಗೆ ಬಿಟ್ಟು ಮತ್ತೆ. ನನ್ ಮಗ್ಳು ಹಂಗಿರ್ಲಿಲ್ಲ. ನಗೋದಕ್ಕೆ ಒಂದು ಕಾರಣ ಬೇಕಾಗಿತ್ತು ಅವ್ಳಿಗೆ. ಅದನ್ನ ವಾಪಸ್ ಅಲ್ಲಿಗೇ ಹಾಕು. ನೀನೇ ತೆಗೆದಿದ್ದು ಅಂತ ನನಗೆ ಗೊತ್ತು, ಇನ್ಯಾರು ಬ್ಲೇಡು ಇಡೋರು?"

ವಾಪಸ್ ಹಾಕಲು ಏನಿತ್ತು ನನ್ನ ಬಳಿ? ಒಂದು ಮಾರು ಖಾಲಿ ಫಿಲಂ. ಅದನ್ನೇ ತಂದು ಅವಳ ಕೈಯಲ್ಲಿಟ್ಟೆ. ಮುದುಕಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಮಡಿಚಿ, ನಮ್ಮ ಕಿಟಕಿಯ ಮೇಲಿಟ್ಟು, ಹೊರಟುಹೋದಳು. ಚಂಪಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ರಾಣಿದು ನನ್ನ ನಗು ಅಂದ್ಕೊಂಡಿದ್ರಾ?" ಎಂದಳು.

"ನೀನೇ ಹೂಂ ಅಂದಿದ್ದೆ."

"ಯಾವಾಗಂದೆ? ನೀವು ರಾಣಿ ಹತ್ರ ತಾನೇ ಅಂದ್ರಿ. ಹಾಲು ಉಕ್ತಿತ್ತು, ಎದ್ದು ಹೋದೆ. ತಮಾಷೆ ಮಾಡ್ತಿದ್ದೀರಿ ಅಂದ್ಕೊಂಡೆ ಮೊದಮೊದಲು. ಆಮೇಲೆ ನೋಡಿದ್ರೆ ಆ ಜಾಗ ಬಂದಾಗೆಲ್ಲ ಕಿಂಡೀಲಿ ನಿಂತು ಕಣ್ಣು ಒರೆಸ್ಕೊಳ್ತಿದ್ರಿ. ನೀಲಾ ನಾನು ಒಂದೇ ಬೆಂಚಲ್ಲಿ ಕೂತು ಓದಿದೋರು. ಅವಳ ನಗು ನನಗೆ ಗೊತ್ತಾಗಲ್ವಾ? ಹೇಳಿದ್ರೆ ನಿಮಗೆ ನೋವಾಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ಮೂರು ವರ್ಷ ದಿನಾ ಕೇಳಿದ ನಗು ರೀ ನನ್ನದು."

ನಾಚಿಕೆಯಿಂದ ಕುಗ್ಗಿಹೋದೆ. "ತಪ್ಪಾಯ್ತು. ಎಲ್ಲಿದೆ ಹೇಳು ನಿಂದು, ಇವತ್ತೇ ತೆಗೀತೀನಿ," ಎಂದೆ.

"ಹೇಳಲ್ಲ," ಎಂದಳು. "ತಾನಾಗೇ ನಿಮಗೆ ಗುರುತು ಸಿಕ್ಕಿದ ದಿನ ತೆಗೀರಿ."

ಭಾನುವಾರ ಸಾಬರ ಕಾಲು ಹಿಡಿದು, ಬೆಳಗ್ಗೆಯಿಂದ ಖಾಲಿ ಟಾಕೀಸಿನಲ್ಲಿ ನನಗೊಬ್ಬನಿಗೇ ರಾಕೆಟ್ಟಿನ ಚಿತ್ರ ಹಾಕಿಸಿಕೊಂಡೆ. ಒಮ್ಮೆ ನೋಡಿದೆ, ಮತ್ತೊಮ್ಮೆ ಹಾಕಿಸಿದೆ. ಎಣಿಸಿದರೆ ಆ ಚಿತ್ರದಲ್ಲಿ ಹನ್ನೊಂದು ನಗು ಉಳಿದಿತ್ತು. ಇಬ್ಬರು ದ್ವಾರಪಾಲಕರು ಒಬ್ಬರನ್ನೊಬ್ಬರು ತಿವಿದು ನಗುತ್ತಾರೆ. ಕ್ಯಾಪ್ಟನ್ ಸಾಯುವ ಮುಂಚೆ ನಗುತ್ತಾನೆ. ಲೋಹದ ಮನುಷ್ಯ ಎಣ್ಣೆ ಹಾಕಿಸಿಕೊಳ್ಳುವಾಗ ಕಚಗುಳಿಯಾದಂತೆ ನಗುತ್ತಾನೆ. ಅಡುಗೆಯವಳು, ಹುಚ್ಚ ವಿಜ್ಞಾನಿ, ಮಗುವೊಂದು. ಕಣ್ಣು ಮುಚ್ಚಿ ಕೇಳಿದೆ, ಕಣ್ಣು ಬಿಟ್ಟು ಕೇಳಿದೆ. ಚಂಪಾ ಮದುವೆಯ ಹೊಸದರಲ್ಲಿ ಹೇಗೆ ನಗುತ್ತಿದ್ದಳೆಂದು ನೆನೆಸಿಕೊಳ್ಳಲು ಹೋದಾಗಲೆಲ್ಲ ರಾಣಿಯ ಭುಜ ಕುಲುಕುವುದೇ ಕಾಣುತ್ತಿತ್ತು. ನನ್ನ ಹೆಂಡತಿಯ ನಗು ಇದ್ದ ಜಾಗದಲ್ಲಿ ನಾನೇ ಒಂಬತ್ತು ವರ್ಷ ಇನ್ನೊಬ್ಬಳದನ್ನು ತಂದು ತುಂಬಿಬಿಟ್ಟಿದ್ದೆ. ಹನ್ನೊಂದರಲ್ಲಿ ಯಾವುದನ್ನು ಬೇಕಾದರೂ ಅವಳದು ಎನ್ನಬಹುದಿತ್ತು, ಯಾವುದನ್ನೂ ಅನ್ನುವ ಧೈರ್ಯ ಇರಲಿಲ್ಲ. ತಪ್ಪಿದರೆ ಇನ್ಯಾರದೋ ಸತ್ತ ಮಗ, ಸತ್ತ ಗಂಡ ಬಾಯಿಲ್ಲದೆ ಮನೆಗೆ ಬಂದು ಕೂರುತ್ತಾನೆ. ಮೂರನೇ ಸಲ ಹಾಕಿಸಲು ಹೋದಾಗ ಸಾಬರೇ ದೀಪ ಹೊತ್ತಿಸಿ, ಹೋಗು ಎಂದು ಕೈಸನ್ನೆ ಮಾಡಿದರು.

ಮನೆಗೆ ಬಂದು ಚಂಪಾಳ ಮುಖ ನೋಡಲಾರದೆ ಕೂತೆ. ಅವಳೂ ಕೇಳಲಿಲ್ಲ. ನನ್ನ ಮುಖದಲ್ಲೇ ಬರೆದಿತ್ತು ಅಂತ ಕಾಣುತ್ತದೆ.

ಸೋಮವಾರ ಮಧ್ಯಾಹ್ನ ಅವಳು ಸೀರೆ ಬದಲಾಯಿಸಿ, ಮಗಳಿಗೆ ಜಡೆ ಹಾಕಿ, "ದೇವೀರಮ್ಮನ ಮನೆಗೆ ಹೋಗ್ತಿದ್ದೀವಿ, ಬರೋದಾದ್ರೆ ಬನ್ನಿ," ಎಂದಳು.

"ಯಾಕೆ?"

"ಅದಕ್ಕೆ ಬಾಯಿಲ್ಲ. ನನಗೆ ನಗು ಇಲ್ಲ. ಇನ್ನೇನು ಮಾಡೋದು ಹೇಳಿ? ಆ ಮುದುಕಿ ಸತ್ತೇ ಹೋಗ್ತಾಳೆ ಹೀಗೇ ಬಿಟ್ರೆ."

"ಅಯ್ಯೋ, ಆಮೇಲೆ ನಿನ್ನ ನಗು ವಾಪಸ್ ಬಂದ್ರೆ ಎಲ್ಲಿ ಕೂರುತ್ತೆ ಅದು?"

"ಬರಲ್ಲ ಬಿಡಿ," ಎಂದಳು, ಚಪ್ಪಲಿ ಹಾಕಿಕೊಳ್ಳುತ್ತಾ. "ಬರೋದಾಗಿದ್ರೆ ನಿನ್ನೆ ನಿಮಗೆ ಗುರುತು ಸಿಕ್ತಿತ್ತು." ನಾನು ಹಿಂದೆ ಹಿಂದೆಯೇ ಹೋದೆ.

ಹೂವಿನ ಬೀದಿಯಲ್ಲಿ ಎರಡೂ ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡಿದ್ದರು. ಹೊರಗಿನಿಂದಲೇ ಕೇಳುತ್ತಿತ್ತು, ನಗು, ಒಂದು ಗಳಿಗೆ ಬಿಡುವು, ಮತ್ತೆ ನಗು. ದೇವೀರಮ್ಮ ಗೋಡೆಗೆ ಒರಗಿ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದಳು. ಹೆಣೆಯದ ಮಲ್ಲಿಗೆ ಮೊಗ್ಗು ಬುಟ್ಟಿಯಲ್ಲಿ ಕಂದುಹೋಗಿತ್ತು. ಚಂಪಾ ಹೋಗಿ ನಗು ಬರುತ್ತಿದ್ದ ಜಾಗದಲ್ಲೇ, ಗೋಡೆಯ ಬದಿಗೆ ಹಾಸಿದ್ದ ಖಾಲಿ ಚಾಪೆಯ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತಳು. ಮಗಳನ್ನು ಪಕ್ಕಕ್ಕೆ ಎಳೆದುಕೊಂಡಳು. ನಾನು ಬಾಗಿಲಲ್ಲಿ ನಿಂತೆ. ಆಮೇಲೆ ಚಂಪಾ ಮುದುಕಿಯ ಕಿವಿಯಿಂದ ಹತ್ತಿ ತೆಗೆದು, "ದೇವೀರಮ್ಮ, ನಿಮ್ಮ ನಾದಿನಿ ದೈತ್ಯನ ಚಿತ್ರಕ್ಕೆ ಬಂದಿದ್ರಲ್ಲ, ಆ ಕಥೆ ಹೇಳಿ," ಎಂದಳು.

"ಈಗ ಅದ್ಯಾಕವ್ವ?"

"ಹೇಳಿ. ನೀಲಾ ಅದನ್ನ ಕೇಳಿದಾಗೆಲ್ಲ ನಗ್ತಿದ್ಲು. ಕಾರಣ ಬೇಕು ಅಂದ್ರಲ್ಲ ನೀವೇ."

ಮುದುಕಿ ತುಟಿ ಒದ್ದೆ ಮಾಡಿಕೊಂಡಳು. "ಹಳ್ಳಿಯಿಂದ ಬಂದಿದ್ಲು ನಮ್ ನಾದಿನಿ. ಸಿನಿಮಾ ನೋಡಿದ್ದೇ ಇಲ್ಲ. ದೈತ್ಯ ಬಂದು ಹೊಟ್ಟೆ ಸವರ್ಕೊಂಡು ಬಾಯಿ ತೆಗೆದ್ನಾ, ಅಯ್ಯೋ ಪಾಪ ಎಷ್ಟು ಹಸಿದವ್ನೆ ಅಂತ, ಮಡಿಲಲ್ಲಿದ್ದ ಬುತ್ತಿ ಗಂಟು ಎತ್ತಿ ಪರದೆ ಕಡೆ ಬೀಸಾಕಿದ್ಲು. ಅದು ಹೋಗಿ ಮುಂದ್ಗಡೆ ಕೂತಿದ್ದ ಪಟೇಲ್ರ ತಲೆ ಮೇಲೆ ಬಿತ್ತು." ನಗು ಒಮ್ಮೆ ಬಂದು ಹೋಯಿತು. ಮುದುಕಿ ಬೆಚ್ಚಿದಳು, ಚಂ‍ಪಾ ಅವಳ ಮಂಡಿ ಒತ್ತಿದಳು. "ಪಟೇಲ್ರು ಬೈತಾರೆ ಅಂತ ನಾವೆಲ್ಲ ಉಸುರು ಬಿಗಿ ಹಿಡ್ಕೊಂಡಿದ್ರೆ, ಆವಪ್ಪ ಹಿಂದಕ್ಕೂ ತಿರುಗ್ಲಿಲ್ಲ. ಗಂಟು ಬಿಚ್ಚಿ, ಮೂಸಿ ನೋಡಿ, ತಿನ್ನೋಕೆ ಕೂತ್ಬುಟ್ಟ. ಅರ್ಧ ತಿಂದಾದ್ಮೇಲೆ ಪರದೆ ಕಡೆ ಕೈ ಎತ್ತಿ, ಚಟ್ನಿಗೆ ಉಪ್ಪು ಸಾಲ್ದು ಕಣಪ್ಪ ಅಂದ!"

ಮುದುಕಿ ಹೇಳಿ ನಿಲ್ಲಿಸಿದಳು. ನಗು ಬರಬೇಕಿದ್ದ ಗಳಿಗೆ ಬಂತು, ಹೋಯಿತು. ಮನೆ ನಿಶ್ಶಬ್ದವಾಗಿತ್ತು. ಆಗ ಚಂಪಾಳ ಭುಜ ಕುಲುಕಿತು. ಅವಳು ನನ್ನತ್ತ ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದಳು, ಬಿಕ್ಕಳಿಕೆಯಂಥ ಸದ್ದೊಂದು ಬಂತು, ಕೈ ತಾನಾಗಿ ಕೆಳಗಿಳಿಯಿತು. ಒಂಬತ್ತು ವರ್ಷದ ಮೇಲೆ ನನ್ನ ಹೆಂಡತಿ ನಕ್ಕಳು. ನಕ್ಕದ್ದು ಅವಳಲ್ಲ, ಗೊತ್ತಿತ್ತು ನನಗೆ, ಆದರೂ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತುಬಿಟ್ಟೆ. ವನಮಾಲೆ ಅಮ್ಮನ ಮುಖವನ್ನೇ ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದಳು. ಅವಳ ಪುಟ್ಟ ಭುಜವೂ ಸದ್ದಿಲ್ಲದೆ ಕುಲುಕತೊಡಗಿತು. ನಗು ಬಂತು ಎಂದು ಅವಳು ಹೇಳಲಿಲ್ಲ. ಬಿಕ್ಕಿದಳು, ಆಮೇಲೆ ತಲೆ ಹಿಂದಕ್ಕೆ ಚೆಲ್ಲಿ ಗಂಟಲು ಬಿಟ್ಟು ನಕ್ಕಳು. ಎಷ್ಟು ಚೆನ್ನಾಗಿತ್ತು ಅಂತೀರಿ.

ದೇವೀರಮ್ಮ ಚಂಪಾಳ ಕಡೆ ನೋಡುತ್ತಿರಲಿಲ್ಲ. ಮಗುವನ್ನೇ ನೋಡುತ್ತಾ ಎರಡೂ ಕೈ ಚಾಚಿದಳು.

"ನೀಲಾ," ಎಂದಳು.

"ಏನವ್ವ?" ಎಂದಳು ನನ್ನ ಮಗಳು, ತಟ್ಟನೆ, ಮುದುಕಿಯ ಕಡೆ ತಿರುಗಿ. ಹುಟ್ಟಿದಾಗಿನಿಂದ ಅವಳು ಯಾರನ್ನೂ ಅವ್ವ ಎಂದು ಕರೆದವಳಲ್ಲ.

ಚಂಪಾ ಗಬಕ್ಕನೆ ಮಗುವಿನ ರಟ್ಟೆ ಹಿಡಿದು ತನ್ನ ಕಡೆ ಎಳೆದುಕೊಂಡಳು. ಏನೋ ಹೇಳಲು, ಮಗಳನ್ನು ಹೆಸರು ಹಿಡಿದು ಕೂಗಲು ಬಾಯಿ ತೆರೆದಳು. ಅವಳ ಕಣ್ಣಲ್ಲಿ ಅಂಥ ಹೆದರಿಕೆಯನ್ನು ನಾನು ಎಂದೂ ಕಂಡಿರಲಿಲ್ಲ, ಆದರೆ ಅವಳ ಬಾಯಲ್ಲಿ ನಗು ಇನ್ನೂ ಮುಗಿದಿರಲಿಲ್ಲ.